ಗೋಡೆಯ ಮೇಲೆ ಕುಳಿತದ್ದು ಯಾರು?

ಮಳೆಗಾಲದ ರಾತ್ರಿ ಸಿಟೌಟಿನ ಬಲ್ಬಿನ ಸುತ್ತ ಹುಳಗಳು ಮುತ್ತಿದಾಗ ನೀವು ಏನು ಮಾಡುತ್ತೀರಿ? ಬಾಗಿಲು ಹಾಕುತ್ತೀರಿ. ಒಂದೆರಡು ಒಳಗೆ ಬಂದರೆ ಹಿಡಿಸೂಡಿ ಹುಡುಕುತ್ತೀರಿ. ನಾನೂ ಹಾಗೆಯೇ ಮಾಡುತ್ತಿದ್ದೆ, 2019ರ ಜೂನ್ ತಿಂಗಳವರೆಗೆ.

ಆ ತಿಂಗಳು ನನ್ನ ಉಮ್ಮ ತೀರಿಕೊಂಡರು. ಅಸರ್ ನಮಾಝಿನ ಬಳಿಕ ದಫನ ಮುಗಿಯಿತು. ರಾತ್ರಿ ನಾವು ಹೆಂಗಸರೆಲ್ಲ ಉಮ್ಮ ಮಲಗುತ್ತಿದ್ದ ಕೋಣೆಯಲ್ಲೇ ಕುಳಿತಿದ್ದೆವು. ಎಲ್ಲಿಂದಲೋ ಅಂಗೈ ಅಗಲದ, ಕಪ್ಪು ಮಿಶ್ರಿತ ಕಂದು ಬಣ್ಣದ ಹುಳವೊಂದು ಹಾರಿ ಬಂದು ಮಂಚದ ಮೇಲಿನ ಗೋಡೆಯಲ್ಲಿ ಕುಳಿತಿತು. ರೆಕ್ಕೆಗಳಲ್ಲಿ ದೊಡ್ಡ ದೊಡ್ಡ ಎರಡು ಕಣ್ಣುಗಳು. "ಅವರ ರೂಹ್ ಬಂದಿದೆ" ಎಂದರು ನೆರೆಯ ಹಿರಿಯರೊಬ್ಬರು ಮೆಲ್ಲನೆ. "ಅದು ಅಪಶಕುನ, ಮೊದಲು ಓಡಿಸಿ" ಎಂದರು ಇನ್ನೊಬ್ಬರು. ಯಾರೋ ಹಿಡಿಸೂಡಿ ತಂದು ಎರಡೇಟು ಹೊಡೆದರು. ಹುಳ ಕೆಳಗೆ ಬಿತ್ತು. ಗೋಡೆಯಲ್ಲಿ ಕಂದು ಪುಡಿ ಅಂಟಿಕೊಂಡಿತು.

ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದ ನನ್ನ ಕಿರಿಯ ಮಗಳಿಗೆ ಆಗ ಎಂಟು ವರ್ಷ. ಮಲಗುವಾಗ ಅವಳು ನನ್ನ ಕಿವಿಯಲ್ಲಿ ಕೇಳಿದಳು: "ಉಮ್ಮಾ, ಅವರು ಅಜ್ಜಿಯನ್ನು ಹೊಡೆದರಾ?"

ನಾನು ಎದ್ದು ಕುಳಿತೆ. ಸತ್ತವರು ಹುಳವಾಗಿ ಬರುವುದಿಲ್ಲ, ಶಕುನ ನೋಡುವುದು ನಮ್ಮ ದೀನಿನಲ್ಲಿಲ್ಲ ಎಂದೆಲ್ಲ ವಿವರಿಸಿದೆ. ಮದ್ರಸಾದಲ್ಲಿ ಮಕ್ಕಳಿಗೆ ಹೇಳುವ ಪಾಠವೇ ಅದು, ನನಗೆ ಕಷ್ಟವಾಗಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ಅದು ಯಾರು?" ಎಂದಳು.

"ಅದೊಂದು ಹುಳ."

"ಯಾವ ಹುಳ?"

ಸಹೋದರಿಯರೇ, ಮದ್ರಸಾ ಶಿಕ್ಷಣ ಮುಗಿಸಿ, ಖಾಸಗಿಯಾಗಿ ಓದಿ ಬಿ.ಎ. ಮಾಡಿ, ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಆ ಮಗುವಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಮೂರು ತಿಂಗಳು ಅವಳು ಆ ಕೋಣೆಯಲ್ಲಿ ಮಲಗಲಿಲ್ಲ.

ಅವಳು ಆ ಹುಳದ ಒಂದು ರೆಕ್ಕೆಯನ್ನು ಹೆಕ್ಕಿ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆಂದು ಗೊತ್ತಾದದ್ದು ಆಮೇಲೆ. ಅದನ್ನು ಶಾಲೆಗೆ ಒಯ್ದು ವಿಜ್ಞಾನದ ಟೀಚರಿಗೆ ತೋರಿಸಿದೆ. ಅವರು ಮೊಬೈಲಿನಲ್ಲಿ ಚಿತ್ರಗಳನ್ನು ತೆರೆದರು, ಮೂರು ದಿನ ಇಬ್ಬರೂ ಊಟದ ಬಿಡುವಿನಲ್ಲಿ ಹೋಲಿಸಿ ನೋಡಿದೆವು. ಕೊನೆಗೆ ಸಿಕ್ಕಿತು. ಎರಿಬಸ್ ಎಂಬ ಗುಂಪಿಗೆ ಸೇರಿದ ಪತಂಗ. ಗೂಬೆಯ ಕಣ್ಣಿನಂತಹ ಗುರುತು ಇರುವುದರಿಂದ ಗೂಬೆ ಪತಂಗ ಎಂದೂ ಕರೆಯುತ್ತಾರೆ. ಹಗಲಿನಲ್ಲಿ ಕತ್ತಲ ಮೂಲೆಯಲ್ಲಿ ಅಡಗಿರುತ್ತದೆ, ರಾತ್ರಿ ಕಳಿತು ಹುಳಿ ಬಂದ ಹಣ್ಣಿನ ರಸ ಹೀರಲು ಹೊರಡುತ್ತದೆ.

ಆಗ ನೆನಪಾಯಿತು. ಉಮ್ಮನ ಮಂಚದ ಅಡಿಯಲ್ಲಿ ಹಣ್ಣಾಗಲೆಂದು ಇಟ್ಟಿದ್ದ ಹಲಸಿನಹಣ್ಣು! ಆ ಎರಡು ದಿನಗಳ ಓಡಾಟದಲ್ಲಿ ಅದನ್ನು ಎಲ್ಲರೂ ಮರೆತಿದ್ದೆವು, ಅದು ಒಡೆದು ಮನೆಯೆಲ್ಲ ವಾಸನೆ ಹರಡಿತ್ತು. ಮಗಳಿಗೆ ಹೇಳಿದೆ. "ಓ, ಹಲಸಿನಹಣ್ಣಿಗೆ ಬಂದದ್ದಾ?" ಎಂದಳು, ಅಷ್ಟೇ. ಅಂದು ರಾತ್ರಿ ಚಾಪೆ ಎತ್ತಿಕೊಂಡು ಅಜ್ಜಿಯ ಕೋಣೆಗೆ ಹೋದಳು.

ನಮ್ಮಿಬ್ಬರ ಪತಂಗ ನೋಡುವ ಹವ್ಯಾಸ ಶುರುವಾದದ್ದು ಹೀಗೆ. ಇದಕ್ಕೆ ಕಾಡಿಗೆ ಹೋಗಬೇಕಿಲ್ಲ, ಹಣ ಬೇಕಿಲ್ಲ, ಮನೆಗೆಲಸ ಬಿಡಬೇಕಿಲ್ಲ. ಇಶಾ ಮುಗಿದ ಮೇಲೆ ಅರ್ಧ ಗಂಟೆ ಸಿಟೌಟಿನಲ್ಲಿ ನಿಂತರೆ ಸಾಕು. ಅವುಗಳೇ ನಿಮ್ಮ ಮನೆಗೆ ಬರುತ್ತವೆ.

ಪತಂಗವೂ ಚಿಟ್ಟೆಯೂ ಒಂದೇ ವಂಶದವು. ಜಗತ್ತಿನಲ್ಲಿ ಈವರೆಗೆ ಗುರುತಿಸಿದ ಪತಂಗಗಳು ಸುಮಾರು 1,60,000 ಜಾತಿ, ಚಿಟ್ಟೆಗಳು ಸುಮಾರು 18,000 ಮಾತ್ರ. ನಮ್ಮ ದೇಶದಲ್ಲೇ ಪತಂಗಗಳು ಹತ್ತು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಇಷ್ಟಿದ್ದರೂ ನಾವು ಹೆಸರಿಟ್ಟು ಹಾಡಿ ಹೊಗಳುವುದು ಚಿಟ್ಟೆಯನ್ನು. ಚಿಟ್ಟೆಯ ಮೀಸೆಯ ತುದಿಯಲ್ಲಿ ಬೆಂಕಿಕಡ್ಡಿಯ ತಲೆಯಂತೆ ಒಂದು ಗುಂಡು ಇರುತ್ತದೆ. ಪತಂಗದ ಮೀಸೆ ನೂಲಿನಂತೆ ಇರುತ್ತದೆ, ಇಲ್ಲವೇ ಹಕ್ಕಿಯ ಗರಿಯಂತೆ ಇರುತ್ತದೆ. ಅಪವಾದಗಳಿವೆ, ಆದರೆ ನಮ್ಮ ಅಂಗಳದ ಮಟ್ಟಿಗೆ ಈ ಗುರುತು ಸಾಕು.

ಹತ್ತು ಸಾವಿರ ಜಾತಿ ಎಂದು ಕೇಳಿ ಹೆದರಬೇಡಿ. ಮದುವೆ ಮನೆಗೆ ಹೋದಾಗ ನಾವು ಏನು ಮಾಡುತ್ತೇವೆ? ಹುಡುಗಿಯ ಹೆಸರು ಗೊತ್ತಿಲ್ಲದಿದ್ದರೂ ಮೂಗು, ಹಣೆ ನೋಡಿ "ಇವಳು ಇಂಥವರ ಮನೆಯವಳು" ಎನ್ನುತ್ತೇವಲ್ಲ? ಪತಂಗದಲ್ಲಿಯೂ ಹಾಗೆಯೇ. ಮೊದಲು ಕುಟುಂಬ ಗುರುತಿಸಿ, ಹೆಸರು ಆಮೇಲೆ. ಕುಟುಂಬ ಗುರುತಿಸಲು ಬಣ್ಣ ನೋಡಬೇಡಿ, ಬಣ್ಣ ಮೋಸ ಮಾಡುತ್ತದೆ. ಅದು ಹೇಗೆ ಕುಳಿತಿದೆ ಎಂದು ನೋಡಿ.

ರೆಕ್ಕೆಗಳು ಕಿರಿದಾಗಿ ಹಿಂದಕ್ಕೆ ಬಾಗಿ, ಮೈ ದಪ್ಪಗಿದ್ದು, ಒಟ್ಟಿನಲ್ಲಿ ಯುದ್ಧವಿಮಾನ ನಿಂತಂತೆ ಕಂಡರೆ ಅದು ಸ್ಫಿಂಜಿಡೇ ಕುಟುಂಬ, ಇಂಗ್ಲಿಷಿನವರು ಹಾಕ್ ಮಾತ್ ಎನ್ನುತ್ತಾರೆ. ನಿಮ್ಮ ಅಂಗಳದಲ್ಲಿ ನಂದಿಬಟ್ಟಲು ಅಥವಾ ಕಣಗಿಲೆ ಇದೆಯೇ? ಎಲೆಗಳು ಒಂದೇ ರಾತ್ರಿಗೆ ಬೋಳಾಗಿ, ಗಿಡದಲ್ಲಿ ಬೆರಳು ದಪ್ಪದ ಹಸಿರು ಹುಳ, ಬಾಲದಲ್ಲಿ ಸಣ್ಣ ಕೊಂಬು, ತಲೆಯ ಹಿಂದೆ ಎರಡು ನೀಲಿ ಕಣ್ಣು ಕಂಡಿದ್ದರೆ ಅದು ಈ ಕುಟುಂಬದ ಮಗು. ಕೊಲ್ಲದೆ ಬಿಟ್ಟರೆ ಅದೇ ಹುಳ ಕೆಳಗಿಳಿದು ತರಗೆಲೆಯಲ್ಲಿ ಕೋಶ ಕಟ್ಟುತ್ತದೆ. ಅದರಿಂದ ಹೊರಬರುವ ಪತಂಗದ ಹಸಿರು, ಗುಲಾಬಿ, ಬಿಳಿ ಗೆರೆಗಳ ರೆಕ್ಕೆಯನ್ನು ನಾನು ಮೊದಲ ಬಾರಿ ನೋಡಿದಾಗ ಯಾರೋ ಬಟ್ಟೆಗೆ ಬಣ್ಣ ಹಾಕಿದ್ದಾರೆ ಎನಿಸಿತು. ನಂದಿಬಟ್ಟಲು ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ.

ಇದೇ ಕುಟುಂಬದಲ್ಲಿ ಬೆನ್ನ ಮೇಲೆ ತಲೆಬುರುಡೆಯಂತಹ ಗುರುತು ಇರುವ ಒಂದು ಪತಂಗವಿದೆ. ಮುಟ್ಟಿದರೆ ಇಲಿಯಂತೆ ಕೀಚ್ ಎನ್ನುತ್ತದೆ. ಬುರುಡೆಯೂ ಇದೆ, ಕೂಗೂ ಇದೆ ಎಂದ ಮೇಲೆ ಜನ ಕಥೆ ಕಟ್ಟದೆ ಬಿಡುತ್ತಾರೆಯೇ? ನಿಜ ಸಂಗತಿ ಎಂದರೆ ಅದು ಜೇನುಗೂಡಿಗೆ ನುಗ್ಗಿ ಜೇನು ಕದಿಯುವ ಒಂದು ಸಣ್ಣ ಕಳ್ಳ, ಅಷ್ಟೇ.

ಈ ಕುಟುಂಬದವು ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದನೆಯ ನಾಲಿಗೆಯಿಂದ ಮಕರಂದ ಹೀರುತ್ತವೆ. ಮಡಗಾಸ್ಕರ್ ದ್ವೀಪದ ಒಂದು ಆರ್ಕಿಡ್ ಹೂವಿನ ಮಕರಂದದ ಕೊಳವೆ ಸುಮಾರು ಒಂದು ಅಡಿ ಉದ್ದ. ಅಷ್ಟು ಉದ್ದ ನಾಲಿಗೆಯ ಪತಂಗ ಆ ದ್ವೀಪದಲ್ಲಿ ಇರಲೇಬೇಕು ಎಂದು ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಬರೆದರು. ಆ ಪತಂಗದ ವಿವರ ಪ್ರಕಟವಾದದ್ದು 1903ರಲ್ಲಿ, ಡಾರ್ವಿನ್ ತೀರಿಕೊಂಡು 21 ವರ್ಷಗಳಾದ ಮೇಲೆ.

ರೆಕ್ಕೆಗಳನ್ನು ಪೂರ್ತಿ ಬಿಡಿಸಿ ಕಾಗದ ಅಂಟಿಸಿದಂತೆ ಗೋಡೆಗೆ ಒತ್ತಿಕೊಂಡು ಕುಳಿತಿದ್ದು, ಮೈ ಸಣಕಲಾಗಿದ್ದರೆ ಅದು ಜಿಯೋಮೆಟ್ರಿಡೇ. ಹೆಸರಿನಲ್ಲಿ ಜಿಯೋಮೆಟ್ರಿ ಇದೆ ಗಮನಿಸಿ. ಇದರ ಮರಿಹುಳ ಬೆನ್ನು ಕಮಾನಿನಂತೆ ಬಗ್ಗಿಸಿ, ಗೇಣು ಹಾಕಿ ಅಳೆಯುವವರಂತೆ ನಡೆಯುತ್ತದೆ. ಭೂಮಿ ಅಳೆಯುವವರು ಎಂಬುದೇ ಆ ಹೆಸರಿನ ಅರ್ಥ. ಇಂಗ್ಲಿಷ್ ಅಕ್ಷರ ಟಿ ಬರೆದಂತೆ ಕಡ್ಡಿಯಾಗಿ ಕುಳಿತಿರುವ ಪುಟ್ಟ ಪತಂಗ ಕಂಡರೆ ಅದು ಟೆರೊಫೋರಿಡೇ. ಇದನ್ನು ಗುರುತಿಸುವಲ್ಲಿ ಚಿಕ್ಕ ಮಗುವೂ ತಪ್ಪುವುದಿಲ್ಲ.

ನಮ್ಮ ಗೂಬೆ ಪತಂಗದ್ದು ಎರಿಬಿಡೇ ಎಂಬ ಬಹಳ ದೊಡ್ಡ ಕುಟುಂಬ. ಹಗಲಿನಲ್ಲಿ ಹೂವಿನ ಮೇಲೆ ಕಣಜದ ವೇಷ ಹಾಕಿ ಕುಳಿತಿರುವ ಕಪ್ಪು ಹಳದಿ ಪಟ್ಟೆಯ ಪತಂಗ, ಬಿಳಿ ರೆಕ್ಕೆಯ ಮೇಲೆ ಕೆಂಪು ಕಪ್ಪು ಚುಕ್ಕೆ ಇಟ್ಟ ಸಣ್ಣ ಪತಂಗ ಎಲ್ಲವೂ ಇದರಲ್ಲೇ ಬರುತ್ತವೆ. ಇವುಗಳಲ್ಲಿ ಕೆಲವು, ಬಾವಲಿ ಹತ್ತಿರ ಬಂದಾಗ ನಮ್ಮ ಕಿವಿಗೆ ಕೇಳಿಸದ ಟಿಕ್ ಟಿಕ್ ಶಬ್ದ ಮಾಡಿ "ನಾನು ಕಹಿ, ತಿನ್ನಬೇಡ" ಎಂದು ಎಚ್ಚರಿಸುತ್ತವೆ. ಹಳೆಯ ಪುಸ್ತಕಗಳಲ್ಲಿ ಇವನ್ನೆಲ್ಲ ಬೇರೆ ಬೇರೆ ಕುಟುಂಬಗಳಾಗಿ ಬರೆದಿದ್ದಾರೆ. 2010ರ ಆಸುಪಾಸಿನಲ್ಲಿ ವಂಶವಾಹಿ ಪರೀಕ್ಷೆ ನಡೆಸಿ ವಿಜ್ಞಾನಿಗಳು ಒಂದೇ ಮನೆಗೆ ಸೇರಿಸಿದರು. ಆದ್ದರಿಂದ ಪುಸ್ತಕಕ್ಕೂ ಮೊಬೈಲಿಗೂ ತಾಳೆಯಾಗದಿದ್ದರೆ ನಿಮ್ಮ ತಪ್ಪೆಂದು ತಿಳಿಯಬೇಡಿ.

ಮನೆಯ ಮಾಡಿನಂತೆ ರೆಕ್ಕೆ ಇಳಿಬಿಟ್ಟು ಕುಳಿತ ಮಂಕು ಬಣ್ಣದವುಗಳಲ್ಲಿ ಹಲವು ನಾಕ್ಟುಯಿಡೇ ಕುಟುಂಬದವು. ರೈತರ ಮನೆಯವರಿಗೆ ಇವು ಚೆನ್ನಾಗಿ ಗೊತ್ತು. ತೊಗರಿ, ಕಡಲೆಯ ಕಾಯಿಕೊರಕ ಇದೇ ಕುಟುಂಬ. 2018ರಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಪತ್ತೆಯಾದ ಅಮೆರಿಕದ ಸೈನಿಕ ಹುಳುವೂ ಇದೇ ಕುಟುಂಬದ್ದು.

ಇನ್ನು ನಿಮ್ಮ ಅಡುಗೆಮನೆಗೆ ಬನ್ನಿ. ಬದನೆಕಾಯಿ ಹೆಚ್ಚುವಾಗ ಒಳಗೆ ಗುಲಾಬಿ ಬಣ್ಣದ ಹುಳ ಕಂಡು ಎಷ್ಟು ಸಲ ಚಾಕು ಕೆಳಗಿಟ್ಟಿದ್ದೀರಿ? ಅದೂ ಪತಂಗದ ಮರಿ, ಕ್ರಾಂಬಿಡೇ ಕುಟುಂಬದ್ದು. ದೊಡ್ಡದಾದಾಗ ಕಂದು ಮಚ್ಚೆಯ ಸಣ್ಣ ಬಿಳಿ ಪತಂಗವಾಗಿ, ಬಾಲವನ್ನು ಮೇಲಕ್ಕೆ ಎತ್ತಿಕೊಂಡು ಕುಳಿತುಕೊಳ್ಳುತ್ತದೆ. ಅಕ್ಕಿ ಅಥವಾ ರವೆಯ ಡಬ್ಬಿ ತೆರೆದಾಗ ಕಾಳುಗಳು ನೂಲಿನಲ್ಲಿ ಪೋಣಿಸಿದಂತೆ ಗಂಟುಕಟ್ಟಿದ್ದರೆ ಅದು ಪೈರಾಲಿಡೇ ಕುಟುಂಬದ ಅಕ್ಕಿ ಪತಂಗದ ಕೆಲಸ. ಮುಚ್ಚಳ ತೆಗೆದ ಕೂಡಲೇ ಹಾರುವ ಬೂದು ಬಣ್ಣದ್ದು ತಾಯಿ, ಅದು ಏನೂ ತಿನ್ನುವುದಿಲ್ಲ, ತಿಂದದ್ದೆಲ್ಲ ಮರಿ. (ಅಕ್ಕಿಯಲ್ಲಿ ಓಡಾಡುವ ಕಪ್ಪು ಮೂತಿಹುಳ ಬೇರೆ, ಅದು ದುಂಬಿಯ ಜಾತಿ.) ಅಕ್ಕಿಯನ್ನು ಬಿಸಿಲಿಗೆ ಹಾಕಿ, ಡಬ್ಬಿಯ ಅಂಚನ್ನೂ ಮುಚ್ಚಳದ ಒಳಭಾಗವನ್ನೂ ಒರೆಸಿ. ಅಕ್ಕಿ ಮಾತ್ರ ಒಣಗಿಸಿ ಡಬ್ಬಿ ಹಾಗೇ ಬಿಟ್ಟರೆ ಪುನಃ ಬರುತ್ತದೆ.

ಗೋಡೆಯಲ್ಲಿ, ಫ್ಯಾನಿನ ಸ್ವಿಚ್ಚಿನ ಬಳಿ, ಚಪ್ಪಟೆಯಾದ ಬೂದು ಬಣ್ಣದ ಸೌತೆ ಬೀಜದಂತಹ ಒಂದು ಚೀಲ ನೇತಾಡುವುದನ್ನು ನೀವೆಲ್ಲ ನೋಡಿದ್ದೀರಿ. ಗುಡಿಸಿ ಎಸೆದಿದ್ದೀರಿ. ಮುಂದಿನ ಸಲ ಎಸೆಯುವ ಮುನ್ನ ಐದು ನಿಮಿಷ ನೋಡಿ. ತುದಿಯಿಂದ ಒಂದು ಪುಟ್ಟ ತಲೆ ಹೊರಬಂದು, ಮನೆಯನ್ನೇ ಬೆನ್ನಿಗೆ ಎಳೆದುಕೊಂಡು ಹೊರಡುತ್ತದೆ. ಚೀಲಕ್ಕೆ ಎರಡೂ ಕಡೆ ಬಾಗಿಲು, ಒಳಗೆ ಹುಳ ತಿರುಗಿಕೊಂಡು ಇನ್ನೊಂದು ಬಾಗಿಲಿನಿಂದಲೂ ಹೊರಡಬಲ್ಲುದು. ಸ್ವಂತ ರೇಷ್ಮೆಗೆ ಗೋಡೆಯ ಧೂಳು, ಮರಳು ಅಂಟಿಸಿ ಹೊಲಿದ ಮನೆ ಅದು. ಜೇಡನ ಬಲೆ, ಉದುರಿದ ಕೂದಲು, ಉಣ್ಣೆಯ ಎಳೆ ಅದರ ಆಹಾರ. ಟಿನೇಯಿಡೇ ಎಂಬ ಕುಟುಂಬ, ಉಣ್ಣೆಯ ಶಾಲು ತೂತು ಮಾಡುವವೂ ಇದೇ ಮನೆಯವು. ಆಗಲೂ ನೆನಪಿಡಿ, ಕಪಾಟಿನಿಂದ ಹಾರುವ ಪತಂಗ ಬಟ್ಟೆ ತಿನ್ನುವುದಿಲ್ಲ, ಮಡಿಕೆಯೊಳಗಿನ ಮರಿ ತಿನ್ನುತ್ತದೆ. ಹಾರಿದ್ದನ್ನು ಬಡಿದರೆ ಶಾಲು ಉಳಿಯದು, ಶಾಲನ್ನು ಕೊಡವಿ ಬಿಸಿಲಿಗೆ ಹಾಕಬೇಕು.

ರೆಕ್ಕೆ ಬಿಡಿಸಿದರೆ ಒಂದು ಗೇಣು ಅಗಲದ ಅಟ್ಲಾಸ್ ಪತಂಗದ ಫೋಟೋ ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ, "ಅಪರೂಪದ ಚಿಟ್ಟೆ" ಎಂಬ ತಲೆಬರಹದೊಂದಿಗೆ. ಅದು ಚಿಟ್ಟೆಯಲ್ಲ, ಸ್ಯಾಟರ್ನಿಯಿಡೇ ಕುಟುಂಬದ ಪತಂಗ. ಅದಕ್ಕೆ ಉಣ್ಣಲು ಬಾಯಿಯೇ ಇಲ್ಲ. ಮರಿಯಾಗಿದ್ದಾಗ ತಿಂದದ್ದರಲ್ಲೇ ಕೆಲವು ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಸೀಮೆಎಣ್ಣೆ, ಫಿನಾಯಿಲ್ ಹಾಕಿ ಓಡಿಸುವ ಅಗತ್ಯವಿಲ್ಲ. ಬೆಳಿಗ್ಗೆ ಗೋಡೆಯಲ್ಲಿ ಕುಳಿತದ್ದು ರಾತ್ರಿ ತಾನಾಗಿಯೇ ಹೋಗುತ್ತದೆ.

ಇದರ ಹತ್ತಿರದ ಬಂಧು ಬಾಂಬಿಸಿಡೇ, ಅಂದರೆ ರೇಷ್ಮೆ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಬೆಳೆಸಲು ಏರ್ಪಾಟು ಮಾಡಿದರು. ಇಂದಿಗೂ ರಾಮನಗರ, ಶಿಡ್ಲಘಟ್ಟಗಳಲ್ಲಿ ಗೂಡಿನಿಂದ ನೂಲು ತೆಗೆಯುವ ಕೆಲಸದಲ್ಲಿ ನಮ್ಮ ಎಷ್ಟೋ ಮನೆಗಳು ಬದುಕುತ್ತಿವೆ, ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹಿಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಸಾವಿರಾರು ವರ್ಷ ಮನುಷ್ಯನ ಆರೈಕೆಯಲ್ಲಿ ಬೆಳೆದ ಈ ಪತಂಗಕ್ಕೆ ರೆಕ್ಕೆಯಿದ್ದರೂ ಹಾರಲು ಬರುವುದಿಲ್ಲ. ಪತಂಗವೆಂದರೆ ಅಸಹ್ಯ ಎನ್ನುವವರು ಮದುವೆಯ ಸೀರೆ ಎಲ್ಲಿಂದ ಬಂತೆಂದು ಒಮ್ಮೆ ಯೋಚಿಸಬೇಕು.

ಹೆಂಗಸರಿಗೆ ಯಾಕೆ ಈ ಹುಳಹುಪ್ಪಟೆಯ ಗೊಡವೆ ಎಂದು ನನ್ನನ್ನೂ ಕೇಳಿದವರಿದ್ದಾರೆ. ಅವರಿಗೆ ನಾನು ಜರ್ಮನಿಯ ಮರಿಯಾ ಸಿಬಿಲ್ಲಾ ಮೇರಿಯನ್ ಅವರ ಕಥೆ ಹೇಳುತ್ತೇನೆ. 1647ರಲ್ಲಿ ಹುಟ್ಟಿದ ಅವರು 13ನೇ ವಯಸ್ಸಿನಲ್ಲಿ ಮನೆಯಲ್ಲಿ ರೇಷ್ಮೆ ಹುಳು ಸಾಕಿ, ದಿನದಿನದ ಬದಲಾವಣೆ ಬರೆಯಲು ತೊಡಗಿದರು. ಹುಳಗಳು ಕೆಸರಿನಿಂದ ಹುಟ್ಟುತ್ತವೆ ಎಂದು ಓದಿದವರೂ ನಂಬುತ್ತಿದ್ದ ಕಾಲ ಅದು. ಎರಡು ಮಕ್ಕಳನ್ನು ಸಾಕುತ್ತಲೇ 1679ರಲ್ಲಿ ಅವರು ಮರಿಹುಳ, ಕೋಶ, ಪತಂಗ, ಅದು ತಿನ್ನುವ ಗಿಡ ಎಲ್ಲವನ್ನೂ ಒಂದೇ ಚಿತ್ರದಲ್ಲಿ ಬಿಡಿಸಿದ ಪುಸ್ತಕ ತಂದರು. 52ನೇ ವಯಸ್ಸಿನಲ್ಲಿ ಕಿರಿಯ ಮಗಳ ಜೊತೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿ ಅಲ್ಲಿನ ಹುಳಗಳನ್ನೂ ಚಿತ್ರಿಸಿದರು.

ನಮ್ಮ ನಾಡಿನ ಪತಂಗಗಳ ಬಗ್ಗೆ ಮೊದಲು ವಿವರವಾಗಿ ಬರೆದವರಲ್ಲಿ ಹೊರಗಿನವರೇ ಹೆಚ್ಚು. ನೀಲಗಿರಿಯಲ್ಲಿ ಚಹಾ ತೋಟ ಮಾಡಲು ಬಂದ ಜಾರ್ಜ್ ಹ್ಯಾಂಪ್ಸನ್ 1892ರಿಂದ 1896ರ ನಡುವೆ ಭಾರತದ ಪತಂಗಗಳ ನಾಲ್ಕು ಸಂಪುಟ ಬರೆದರು. ಅರಣ್ಯ ಇಲಾಖೆಯ ಟಿ.ಆರ್. ಬೆಲ್ ಎಂಬವರು ನಿವೃತ್ತರಾದ ಮೇಲೆ ನಮ್ಮ ಕಾರವಾರದಲ್ಲೇ ಉಳಿದು, 1937ರಲ್ಲಿ ಇನ್ನೊಬ್ಬರ ಜೊತೆಗೂಡಿ ಹಾಕ್ ಮಾತ್‌ಗಳ ಸಂಪುಟ ತಂದರು. ಈಗ ಅಂತಹ ದಪ್ಪ ಪುಸ್ತಕ ಬೇಕಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯ ವಿಜ್ಞಾನಿ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರ ‘ಮಾತ್ಸ್ ಆಫ್ ಇಂಡಿಯಾ’ ತಾಣದಲ್ಲಿ ಕುಟುಂಬವಾರು ಚಿತ್ರಗಳಿವೆ, ಮಕ್ಕಳ ಮೊಬೈಲಿನಲ್ಲಿ ತೆರೆಸಿ ನೋಡಿ.

ಇವು ದೀಪಕ್ಕೆ ಯಾಕೆ ಬರುತ್ತವೆ? ಅಲ್ ಕಾರಿಅ ಅಧ್ಯಾಯದಲ್ಲಿ ‘ಫರಾಶ್’ ಎಂಬ ಪದ ಬಂದಾಗ ದೀಪಕ್ಕೆ ಮುತ್ತುವ ಹುಳವೆಂದು ನಮ್ಮ ಉಸ್ತಾದರು ಅರ್ಥ ಹೇಳಿದ್ದರು. ಉರ್ದು ಕಾವ್ಯದ ಪರ್ವಾನಾ ಅಂತೂ ದೀಪದ ಪ್ರೇಮಿ. ಆದರೆ 2024ರ ಜನವರಿಯಲ್ಲಿ ಪ್ರಕಟವಾದ ಒಂದು ಸಂಶೋಧನೆ ಬೇರೆಯೇ ಹೇಳುತ್ತದೆ. ಅತಿವೇಗದ ಕ್ಯಾಮರಾದಲ್ಲಿ ಚಿತ್ರಿಸಿ ನೋಡಿದಾಗ ಹುಳಗಳು ದೀಪದ ಕಡೆಗೆ ನುಗ್ಗುತ್ತಿರಲಿಲ್ಲ, ಬೆನ್ನನ್ನು ದೀಪದತ್ತ ತಿರುಗಿಸುತ್ತಿದ್ದವು. ರಾತ್ರಿಯೂ ನೆಲಕ್ಕಿಂತ ಆಕಾಶ ತುಸು ಬೆಳಕು. ಬೆಳಕಿರುವ ಕಡೆಗೆ ಬೆನ್ನಿಟ್ಟರೆ ಅದೇ ಮೇಲು ಎಂಬ ಲೆಕ್ಕದಲ್ಲಿ ಅವು ಹಾರುತ್ತವೆ. ನಮ್ಮ ಬಲ್ಬ್ ಆ ಲೆಕ್ಕ ತಪ್ಪಿಸುತ್ತದೆ. ಮೇಲು ಕೆಳಗು ತಿಳಿಯದೆ ಅವು ಸುತ್ತುತ್ತಲೇ ಇರುತ್ತವೆ, ಬಿಡಿಸಿಕೊಂಡು ಹೋಗಲಾರವು. ಎಲ್ಲವೂ ಹೀಗಲ್ಲ, ಆ ಪರೀಕ್ಷೆಯಲ್ಲಿ ನಮ್ಮ ಕಣಗಿಲೆ ಗಿಡದ ಹಾಕ್ ಮಾತ್ ದೀಪಕ್ಕೆ ಸಿಕ್ಕಿಬೀಳದೆ ಹಾರಿಹೋಯಿತಂತೆ. ಇದನ್ನು ಓದಿದ ಮೇಲೆ ಬಲ್ಬಿನ ಸುತ್ತ ಗಿರಕಿ ಹೊಡೆಯುವ ಹುಳವನ್ನು ನೋಡಿದರೆ ನನಗೆ ಪಾಪ ಎನಿಸುತ್ತದೆ.

ನೀವೂ ನೋಡಬೇಕೆಂದಿದ್ದರೆ ಮೊದಲ ಮಳೆ ಬಿದ್ದ ಮೇಲೆ, ಇಲ್ಲವೇ ಮಳೆ ಕಡಿಮೆಯಾದ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಬೆಳದಿಂಗಳಿಲ್ಲದ ರಾತ್ರಿ ಆರಿಸಿಕೊಳ್ಳಿ. ಹಳೆಯ ಬಿಳಿ ಬೆಡ್‌ಶೀಟನ್ನು ಹಗ್ಗಕ್ಕೆ ಹಾಕಿ ಮುಂದೆ ಸಾಮಾನ್ಯ ಬಲ್ಬ್ ಉರಿಸಿದರೆ ಸಾಕು. ಗೂಬೆ ಪತಂಗದಂತಹವು ಬೇಕಿದ್ದರೆ ಕೊಳೆತ ಬಾಳೆಹಣ್ಣಿಗೆ ಬೆಲ್ಲ ಕಲಸಿ ಮರದ ಬುಡಕ್ಕೆ ಸವರಿ. ಮೊಬೈಲಿನಲ್ಲಿ ನೇರ ಮೇಲಿನಿಂದ ಒಂದು ಫೋಟೋ, ಪಕ್ಕದಿಂದ ಒಂದು ತೆಗೆಯಿರಿ. ದಿನಾಂಕ, ಸ್ಥಳ, ಹೇಗೆ ಕುಳಿತಿತ್ತು, ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ಬರೆದಿಡಿ. ಬಣ್ಣ ಕೊನೆಗೆ ಬರೆಯಿರಿ.

ರೆಕ್ಕೆಯ ಪುಡಿಯಿಂದ ಕಣ್ಣು ಕುರುಡಾಗುತ್ತದೆ ಎಂದು ನಾನೇ ಮಕ್ಕಳಿಗೆ ಹೇಳಿ ಹೆದರಿಸಿದ್ದೇನೆ, ಅದು ತಪ್ಪು. ಅದು ಮೀನಿನ ಹುರುಪೆಯಂತೆ ರೆಕ್ಕೆಯ ಮೇಲಿರುವ ಸಣ್ಣ ಹುರುಪೆ, ಕೈಗೆ ಅಂಟಿದರೆ ತೊಳೆದುಕೊಳ್ಳಿ. ಹೆದರಬೇಕಾದದ್ದು ಕಂಬಳಿಹುಳಕ್ಕೆ. ನುಗ್ಗೆ ಮರದಲ್ಲಿ ಗುಂಪಾಗಿ ಕುಳಿತಿರುವ ರೋಮದ ಹುಳಗಳನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ, ರೋಮ ಕಣ್ಣಿಗೆ ಹೋದರೆ ಉಜ್ಜದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ನಮ್ಮ ಪುಸ್ತಕದಲ್ಲಿ ಈಗ 143 ಪತಂಗಗಳಿವೆ. ಕುಟುಂಬ ಸಿಕ್ಕದವು 31, ಅವುಗಳ ಮುಂದೆ ಮಗಳು "ಯಾರು?" ಎಂದು ಬರೆದು ಬಿಟ್ಟಿದ್ದಾಳೆ. ಮೊದಲ ಪುಟದಲ್ಲಿ ಆ ಕಂದು ರೆಕ್ಕೆಯನ್ನು ಅಂಟಿಸಿದ್ದಾಳೆ, ಕೆಳಗೆ "ಎರಿಬಿಡೇ, ಹಲಸಿನಹಣ್ಣಿಗೆ ಬಂದದ್ದು" ಎಂದಿದೆ.

ಹತ್ತು ಗಂಟೆಗೆ ಬಲ್ಬ್ ಆರಿಸಿಬಿಡಿ, ಆಗ ಅವಕ್ಕೆ ತಮ್ಮ ದಾರಿ ಸಿಗುತ್ತದೆ. ಬೆಡ್‌ಶೀಟನ್ನು ಸುಬ್‌ಹಿಗೆ ಎದ್ದಾಗಲೇ ಮೆಲ್ಲನೆ ಕೊಡವಿ ತೆಗೆಯಿರಿ. ಬೆಳಕು ಹರಿಯುವವರೆಗೆ ಬಿಟ್ಟರೆ ಹಕ್ಕಿಗಳು ಬಂದು ಉಳಿದದ್ದನ್ನೆಲ್ಲ ಹೆಕ್ಕಿ ತಿನ್ನುತ್ತವೆ. ಮಡಿಕೆಗಳನ್ನೂ ಬಿಡಿಸಿ ನೋಡಿ, ಅಲ್ಲಿ ಒಂದೆರಡು ಮಲಗಿರುತ್ತವೆ.